ತಪ್ಪಿದವರ ಜಾಗದಲ್ಲಿ ಹುರಳಿ ರಾಶಿ

ಮೊನ್ನೆ ರೊಟ್ಟಿಯ ಜೊತೆ ಹುರಳಿಕಾಳಿನ ಪಲ್ಯ ತಿನ್ನುತ್ತಿದ್ದೆ. ಕಟ್ ಅಂತ ಸದ್ದಾಯಿತು. ಬಾಯಿಂದ ತೆಗೆದು ನೋಡಿದರೆ ಒಂದು ಕಲ್ಲು, ಅದರ ಜೊತೆಗೆ ನನ್ನ ದವಡೆ ಹಲ್ಲಿನ ಒಂದು ಮೂಲೆ. ಎರಡನ್ನೂ ತಾಟಿನ ಅಂಚಿಗಿಟ್ಟು ಹೆಂಡತಿಯ ಮುಖ ನೋಡಿದೆ. ಊಟದಲ್ಲಿ ಕಲ್ಲು ಸಿಕ್ಕರೆ ಅಡುಗೆ ಮಾಡಿದವರನ್ನು ಬೈಯುವ ಧೈರ್ಯ ನಮ್ಮ ಮನೆತನದಲ್ಲಿ ನಮ್ಮಪ್ಪನ ಕಾಲಕ್ಕೇ ಮುಗಿದುಹೋಗಿದೆ.

ಶಾಂತವ್ವ ಕಲ್ಲನ್ನು ಎತ್ತಿ ಬಾಗಿಲ ಬೆಳಕಿಗೆ ಹಿಡಿದಳು.

"ಇದು ನಮ್ಮ ಕಲ್ಲಲ್ರಿ," ಅಂದಳು. "ನಿಮ್ಮ ರೇಸಿಂದು."

ನೋಡಿದೆ. ಹೌದು. ನಮ್ಮ ಹೊಲದ ಕಲ್ಲು ಕೆಂಪಗಿರುತ್ತದೆ, ಮೂಲೆಮೂಲೆಯಾಗಿ, ಜಗಳಕ್ಕೆ ನಿಂತವರ ಹಾಗೆ. ಇದು ಹಾಗಲ್ಲ. ಗುಂಡಗೆ, ನುಣ್ಣಗೆ, ಸರಿಯಾಗಿ ಹುರಳಿಕಾಳಿನ ಅಳತೆಗೆ ಇತ್ತು. ಅದಕ್ಕೇ ಜರಡಿಯೂ ಮೋಸ ಹೋಗಿತ್ತು, ಶಾಂತವ್ವನ ಕಣ್ಣೂ ಮೋಸ ಹೋಗಿತ್ತು. ಇಷ್ಟು ಶಿಸ್ತಿನ ಕಲ್ಲು ಈ ಸೀಮೆಯಲ್ಲಿ ಇರುವುದು ಒಂದೇ ಕಡೆ: ರೇಸಿನ ರಸ್ತೆಯ ಮೂರನೇ ತಿರುವಿನಲ್ಲಿ. ಅದು ಅಲ್ಲಿಂದ ನನ್ನ ಬಾಯಿಗೆ ಹೇಗೆ ಬಂತು ಎಂಬುದನ್ನು ಹೇಳಬೇಕಾದರೆ ಸ್ವಲ್ಪ ಸುತ್ತು ಹಾಕಬೇಕು. ನಿಮಗೆ ಅವಸರವಿದ್ದರೆ ಹೋಗಿ ಬನ್ನಿ. ನಾನು ಅದೇ ಸುತ್ತಿನಲ್ಲಿ ಇರುತ್ತೇನೆ.

ಹುಕ್ಕೇರಿಯಿಂದ ಹತ್ತರಗಿಗೆ ಹೋಗಿ, ಹೈವೇ ದಾಟಿ ಗುಡ್ಡಗಳ ಕಡೆ ಹೊರಳಿದರೆ ಒಂದು ಮಡ್ಡಿ ಸಿಗುತ್ತದೆ. ಏನೂ ಬೆಳೆಯದ ಎತ್ತರದ ಕಲ್ಲುನೆಲಕ್ಕೆ ನಮ್ಮ ಕಡೆ ಮಡ್ಡಿ ಅನ್ನುತ್ತೇವೆ. ನನ್ನ ಅಕ್ಕ ಗೌರವ್ವನನ್ನು ಕೊಟ್ಟ ಊರು ಅದರ ಬುಡದಲ್ಲೇ ಇದೆ. ಆ ಊರಿನವರು ಮಡ್ಡಿ ಹತ್ತುತ್ತಿದ್ದದ್ದು ಎರಡು ಕಾರಣಕ್ಕೆ ಮಾತ್ರ. ಒಂದು ಕುರಿ ಮೇಯಿಸುವುದಕ್ಕೆ. ಇನ್ನೊಂದು, ಬೆಳಿಗ್ಗೆ ಎದ್ದು ತಂಬಿಗೆ ಹಿಡಿದುಕೊಂಡು. ಅಂಥ ಜಾಗಕ್ಕೆ ಕಾರು, ಬೈಕಿನ ರೇಸು ನಡೆಸಲು ಎಲ್ಲಿಂದಲೋ ಒಂದು ಕಂಪನಿ ಬಂತು. ದಿನ್ನೆ ಕಡಿದರು, ತಗ್ಗು ತುಂಬಿದರು, ರೋಲರು ಉರುಳಿಸಿದರು. ನೋಡನೋಡುತ್ತಿದ್ದಂತೆ ತಂಬಿಗೆಯವರು ಕೂರುತ್ತಿದ್ದ ಕಡೆಯೆಲ್ಲ ಡಾಂಬರು ಬಂತು. ಎಂಥ ಡಾಂಬರು ಅಂತೀರಿ, ಮೇಲೆ ಎಣ್ಣೆ ಸುರಿದರೆ ಬೆರಳಿನಿಂದ ಬಳಿದು ತಿನ್ನಬಹುದು.

ಅಕ್ಕನ ಗಂಡ ಭೀಮಪ್ಪ ಮಾವ ಮೊದಲ ಸಲ ಅದನ್ನು ಬೇಲಿಯ ಆಚೆಯಿಂದ ನೋಡಿದಾಗ ನಾನೂ ಪಕ್ಕದಲ್ಲಿದ್ದೆ. ಆ ಹೊತ್ತಿಗೆ ನನಗೆ ಅಲ್ಲಿ ಕೆಲಸ ಸಿಕ್ಕಿತ್ತು. ಹೀಗಾಗಿ ಯಾರು ಏನು ಕೇಳಿದರೂ ಉತ್ತರ ಕೊಡುವುದು ನನ್ನ ಜವಾಬ್ದಾರಿ ಅಂದುಕೊಂಡಿದ್ದೆ.

"ಈ ರಸ್ತೆ ಯಾವ ಊರಿಗಿ ಹೊಕ್ಕೈತೊ?" ಅಂತ ಮಾವ ಕೇಳಿದ.

"ಎಲ್ಲಿಗೂ ಇಲ್ಲ ಮಾವಾ. ಸುತ್ತ ಹಾಕಿ ಹೊಳ್ಳಿ ಇಲ್ಲಿಗೇ ಬರತೈತಿ."

ಮಾವ ಬೆರಳಿನಿಂದ ಗಾಳಿಯಲ್ಲಿ ಒಂದು ಸುತ್ತು ಬರೆದು ನೋಡಿದ. "ಹಂಗಾರ ಹೋಗೂದ್ಯಾಕ?"

ಆ ಪ್ರಶ್ನೆ ಇವತ್ತಿಗೂ ನನ್ನ ಜೊತೆ ಸುತ್ತು ಹಾಕುತ್ತಿದೆ. ನಾನು ಗೋಕಾಕದಿಂದ ಮೂಡಲಗಿ ಕಡೆಗೆ ಎರಡೆರಡು ಟ್ರೇಲರು ಕಟ್ಟಿಕೊಂಡು ಕಬ್ಬು ಎಳೆದವನು. ರಸ್ತೆಯೆಂದರೆ ನನಗೆ ಗೊತ್ತಿರುವುದು ಒಂದೇ: ಅದು ಒಂದು ಕಡೆ ಕಬ್ಬು, ಇನ್ನೊಂದು ಕಡೆ ಕಾರ್ಖಾನೆ, ನಡುವೆ ನನ್ನ ಬೆನ್ನುಮೂಳೆ. ತಿರುವು ಬಂದರೆ ದೇವರನ್ನು ನೆನೆಯುತ್ತಿದ್ದೆವು. ಇಲ್ಲಿ ನೇರ ಹೋಗಲು ಜಾಗವಿದ್ದಲ್ಲಿಯೂ ಬೇಕಂತಲೇ ತಿರುವು ಹಾಕಿದ್ದಾರೆ, ಮೈಮೇಲೆ ಹಾವು ಬಿದ್ದವರು ಓಡಿದ ಹಾಗೆ. ಆ ತಿರುವುಗಳಿಗೆ ಹೆಸರು ಬೇರೆ ಇಟ್ಟಿದ್ದಾರೆ. ನಮ್ಮ ಊರಲ್ಲಿ ಎಷ್ಟೋ ಮಕ್ಕಳು ಹೆಸರಿಲ್ಲದೆ ಬರೀ ಗುಂಡ್ಯಾ, ಬಾಳ್ಯಾ ಅಂತಲೇ ಮದುವೆಯ ವಯಸ್ಸಿಗೆ ಬಂದಿವೆ.

ಸುತ್ತು ಹಾಕುವ ಸಂಗತಿಯಲ್ಲಿ ನನ್ನದು ಹಳೆಯ ತಕರಾರು. ನಾನು ಸಾಲಿ ಬಿಟ್ಟಿದ್ದೇ ಅದಕ್ಕೆ. ಮಾಸ್ತರರು ಲೆಕ್ಕ ಹೇಳಿದರು: ಒಬ್ಬ ಮನುಷ್ಯ ಹೊಲದ ಬದುವಿನ ಮೇಲೆ ಇಷ್ಟು ಸುತ್ತು ಹಾಕುತ್ತಾನೆ, ಒಟ್ಟು ಎಷ್ಟು ದೂರ ನಡೆದ? ಎಲ್ಲರೂ ಪಾಟಿಯ ಮೇಲೆ ಬರೆಯತೊಡಗಿದರು. ನನಗೆ ನಿಜವಾಗಿಯೂ ಚಿಂತೆಯಾಯಿತು. ಎದ್ದು ನಿಂತು, "ಅವಂಗ ಬ್ಯಾರೆ ಕೆಲಸ ಇಲ್ಲೇನ್ರಿ ಮಾಸ್ತರ?" ಅಂದೆ. ಇಡೀ ಸಾಲಿ ನಕ್ಕಿತು. ಮಾಸ್ತರರು ನಗಲಿಲ್ಲ. ಆಮೇಲೆ ನನ್ನ ಕೈ ಎಷ್ಟು ಊದಿಕೊಂಡಿತ್ತೆಂದರೆ ಮರುದಿನ ಪಾಟಿ ಹಿಡಿಯಲು ಆಗಲಿಲ್ಲ. ಪಾಟಿ ಹಿಡಿಯಲಾಗದವನು ಎತ್ತಿನ ಹಗ್ಗವನ್ನಾದರೂ ಹಿಡಿ ಅಂತ ನಮ್ಮಪ್ಪ ಕಣಕ್ಕೆ ಕಳಿಸಿದ. ಅಲ್ಲಿ ಮುಂಜಾನೆಯಿಂದ ಸಂಜೆಯವರೆಗೆ ನಾನು ಮಾಡಿದ್ದೇನು? ನಟ್ಟ ನಡುವಿನ ಮೇಟಿ ಕಂಬದ ಸುತ್ತ ಸುತ್ತಿದ್ದು.

ಕಣ ಕಂಡವರಿಗೆ ಗೊತ್ತು. ಸಗಣಿ ಸಾರಿಸಿದ ದುಂಡನೆಯ ನೆಲ, ನಡುವೆ ಮೇಟಿ, ಅದಕ್ಕೆ ಕಟ್ಟಿದ ಎತ್ತುಗಳು, ಅವುಗಳ ಹಿಂದೆ ನಾವು. ಮೈಯೆಲ್ಲ ಹೊಟ್ಟಿನ ತುರಿಕೆ. ರಾತ್ರಿ ಮಲಗಿದರೂ ಹಾಸಿಗೆ ತಿರುಗುತ್ತಿತ್ತು. ಅಕ್ಕ ನನಗಿಂತ ದೊಡ್ಡವಳು, ಅವಳಿಗೆ ಬಹಳ ದೊಡ್ಡ ಹುದ್ದೆ. ಸುತ್ತುವ ಎತ್ತು ಬಾಲ ಎತ್ತಿತೋ, ಅಕ್ಕ ಒಂದು ಹಿಡಿ ಹುಲ್ಲು ಕೈಯಲ್ಲಿ ಹಿಡಿದು ಓಡಬೇಕು, ಸಗಣಿ ಕಾಳಿನ ಮೇಲೆ ಬೀಳುವ ಮೊದಲೇ ಹಿಡಿಯಬೇಕು. ಅವಳು ಒಂದು ಸಲವೂ ತಪ್ಪಿದ್ದಿಲ್ಲ. ಈಗ ರೇಸಿನಲ್ಲಿ ನೋಡುತ್ತೇನೆ: ಕಾರು ಬಂದು ನಿಂತರೆ ಬಣ್ಣದ ಅಂಗಿಯವರು ಓಡಿಬಂದು ಕಣ್ಣು ಮುಚ್ಚಿ ತೆಗೆಯುವುದರಲ್ಲಿ ಗಾಲಿ ಬದಲಿಸುತ್ತಾರೆ, ನೋಡುವವರು ಚಪ್ಪಾಳೆ ತಟ್ಟುತ್ತಾರೆ. ಆದರೆ ಕಾರು ಅವರಿಗಾಗಿ ನಿಂತಿರುತ್ತದೆ. ನಮ್ಮ ಎತ್ತು ಎಂದೂ ನಿಲ್ಲಲಿಲ್ಲ, ಬಾಲ ಎತ್ತುವ ಮುಂಚೆ ಹೇಳಲೂ ಇಲ್ಲ. ಅಕ್ಕನಿಗೆ ಯಾರೂ ಚಪ್ಪಾಳೆ ತಟ್ಟಲಿಲ್ಲ.

ನಾನು ಸಾಲಿ ಬಿಟ್ಟವನು, ಕೆಲಸ ಬಿಟ್ಟವನಲ್ಲ. ಈಗಿರುವ ಟ್ರ್ಯಾಕ್ಟರು ನನ್ನ ಸ್ವಂತದ್ದು. ರೇಸಿನವರಿಗೆ ನೀರಿನ ಟ್ಯಾಂಕರು ಎಳೆಯಲು, ಹುಲ್ಲು ಕತ್ತರಿಸಲು, ರಸ್ತೆಯ ಮೇಲಿನ ಧೂಳು ಹಾರಿಸುವ ದೊಡ್ಡ ಫ್ಯಾನಿನ ಮಶೀನು ಎಳೆಯಲು ಒಬ್ಬ ಟ್ರ್ಯಾಕ್ಟರಿನವನು ಬೇಕಾಗಿದ್ದ. ಹೋದೆ. ಮ್ಯಾನೇಜರ್ ಸಾಹೇಬರು ಮೈಸೂರು ಕಡೆಯವರು, ನನ್ನ ಮಗನ ವಯಸ್ಸು. ನಮ್ಮ ಕಡೆ ಬಂದು ಒಂದೇ ಶಬ್ದ ಕಲಿತಿದ್ದರು, ಕಾಕಾ. ಮೊದಲ ದಿನ ನನ್ನನ್ನು ಸುತ್ತಲೂ ಕರೆದೊಯ್ದು ತೋರಿಸಿದರು. ಮೂರನೇ ತಿರುವಿಗೆ ಬಂದಾಗ ರಸ್ತೆಯ ಹೊರಗೆ ಒಂದು ಹೊಲದಷ್ಟು ಜಾಗಕ್ಕೆ ಡಾಂಬರು ಹಾಕಿ ಸುಮ್ಮನೆ ಬಿಟ್ಟಿದ್ದು ಕಂಡಿತು. ಅದರ ಆಚೆ ಸಣ್ಣ ಗುಂಡುಕಲ್ಲು ತುಂಬಿದ ದೊಡ್ಡ ಹೊಂಡ. ಅದರಾಚೆ ಟೈರುಗಳ ಗೋಡೆ.

"ಇದ್ಯಾತಕ್ರಿ ಸಾಹೇಬ್ರ?" ಅಂದೆ.

"ತಪ್ಪಿದವರಿಗೆ ಕಾಕಾ. ತಿರುವು ತಪ್ಪಿ ಬಂದವರು ಇಲ್ಲಿ ಬಂದು ನಿಲ್ತಾರೆ. ಏನೂ ಆಗಲ್ಲ ಅವರಿಗೆ."

ಆ ದಿನ ನಾನು ಮನೆಗೆ ಹೋಗಿ ಊಟ ಮಾಡಲಿಲ್ಲ. ತಪ್ಪಿದವರಿಗೆ ಜಾಗ. ಅದೂ ಒಂದು ಹೊಲದಷ್ಟು, ಅದಕ್ಕೆ ಡಾಂಬರು, ಮೇಲೆ ಮೆತ್ತಗಿನ ಕಲ್ಲಿನ ಹಾಸಿಗೆ. ನಾನು ಸಾಲಿಯಲ್ಲಿ ಒಂದು ಮಾತು ತಪ್ಪಿದ್ದಕ್ಕೆ ಮುಂದಿನ ಆಯುಷ್ಯವೆಲ್ಲ ಬೇರೆಯಾಯಿತು. ಕಬ್ಬಿನ ರಸ್ತೆಯಲ್ಲಿ ತಪ್ಪಿದರೆ ಕಾಲುವೆ ಇರುತ್ತದೆ. ಧುಪದಾಳದ ಹತ್ತಿರ ಒಮ್ಮೆ ನನ್ನ ಹಿಂದಿನ ಟ್ರೇಲರು ಅದರಲ್ಲಿ ಈಜಾಡಿ ಬಂದಿದೆ. ಕಬ್ಬು ತೇಲುತ್ತ ಹೋಯಿತು, ನೋಡಲು ಬಂದವರು ಒಂದೊಂದು ಗಳ ಹಿಡಿದು ತಿನ್ನುತ್ತ ನನಗೆ ಬುದ್ಧಿ ಹೇಳಿದರು. ಇಲ್ಲಿ ನೋಡಿದರೆ ತಪ್ಪುತ್ತಾರೆ ಅಂತ ಮೊದಲೇ ತಿಳಿದು, ತಪ್ಪಲಿ ಅಂತ ಜಾಗ ಕೊಟ್ಟಿದ್ದಾರೆ. ಆ ಮೂರನೇ ತಿರುವಿನ ಮೇಲೆ ನನಗೆ ಮನಸ್ಸಾಯಿತು. ಮಧ್ಯಾಹ್ನದ ಬುತ್ತಿ ಅಲ್ಲೇ ಬಿಚ್ಚತೊಡಗಿದೆ.

ಇನ್ನು ಹುರಳಿಗೆ ಬರೋಣ.

ಅಕ್ಕನ ಹೊಲ ಮಡ್ಡಿಯ ಕೆಳಗೆ, ರೇಸಿನ ಬೇಲಿಗೆ ಹೊಂದಿಕೊಂಡೇ ಇದೆ. ಅದರಲ್ಲಿ ಬೆಳೆಯುವುದು ಹುರಳಿ. ಆ ಹುರಳಿಯನ್ನು ಮನುಷ್ಯರು ತಿನ್ನುವುದು ಸ್ವಲ್ಪ, ಉಳಿದದ್ದೆಲ್ಲ ಸರ್ಜಾ ಮತ್ತು ರಾಜಾನಿಗೆ. ಅವು ಮಾವನ ಎತ್ತುಗಳು. ನಮ್ಮ ಕಡೆ ಗಾಡಿ ಶರ್ಯತ್ತು ಅಂದರೆ ಎತ್ತುಗಳನ್ನು ಹಗುರ ಗಾಡಿಗೆ ಕಟ್ಟಿ ಓಡಿಸುವ ಪಂದ್ಯ. ಮಾವನಿಗೆ ಅದೇ ಜೀವ. ಎತ್ತಿಗೆ ಬೇಯಿಸಿದ ಹುರಳಿ ತಿನಿಸದೆ ಅವನು ತಾನು ಉಣ್ಣುವುದಿಲ್ಲ. ಶರ್ಯತ್ತು ಒಂದು ತಿಂಗಳಿರುವಾಗ ಮಾವ ಮಾತಾಡುವುದೂ ಎತ್ತುಗಳ ಜೊತೆ ಮಾತ್ರ. ಹೋದ ವರ್ಷವೂ ಶರ್ಯತ್ತು ಹತ್ತಿರ ಬಂದಿತ್ತು, ಹುರಳಿ ಕಿತ್ತು ಬಣವೆ ಹಾಕಿದ್ದರು, ಅಷ್ಟರಲ್ಲಿ ಕಾಲವಲ್ಲದ ಕಾಲದಲ್ಲಿ ಮೋಡ ಕಟ್ಟಿತು.

ಹುರಳಿ ರಾಶಿ ಮಾಡಲು, ಅಂದರೆ ತುಳಿಸಿ ತೂರಿ ಕಾಳು ಬೇರೆ ಮಾಡಲು, ಈಗ ಕಣ ಯಾರ ಹತ್ತಿರವೂ ಇಲ್ಲ. ನಮ್ಮವರ ಕಣ ಅಂದರೆ ಡಾಂಬರು ರಸ್ತೆ. ಬೆಳಿಗ್ಗೆ ರಸ್ತೆಗೆ ಹರಡಿ ಬಿಟ್ಟರೆ ಬಸ್ಸು, ಲಾರಿ, ಮದುವೆಯ ದಿಬ್ಬಣ ಎಲ್ಲ ಅದರ ಮೇಲೆ ಓಡಿ ಸಂಜೆಗೆ ಕಾಳು ಬಿಟ್ಟುಕೊಡುತ್ತವೆ. ಆದರೆ ಅಕ್ಕನ ಊರಿನ ರಸ್ತೆಯನ್ನು ಪೈಪು ಹಾಕಲು ಅಗೆದಿದ್ದರು. ರಾಶಿಯ ಮಶೀನಿನವರು ಗೋವಿನಜೋಳದ ಹಿಂದೆ ಬಿದ್ದಿದ್ದರು, ಇಷ್ಟೇ ಇಷ್ಟು ಹುರಳಿಗೆ ಮಡ್ಡಿ ಹತ್ತಿ ಬರುವವರಿರಲಿಲ್ಲ.

ಅಕ್ಕ ಮಧ್ಯಾಹ್ನ ರೇಸಿನ ಗೇಟಿಗೆ ಬಂದಳು. ತಲೆಯ ಮೇಲೆ ಸೆರಗು, ಕಣ್ಣು ಆಕಾಶಕ್ಕೆ.

"ಬಸ್ಯಾ, ಮುಗಲ ನೋಡು. ಹುರಳಿ ತೊಯ್ತಂದ್ರ ನಿಮ್ಮ ಮಾವ ಎತ್ತಿಗಿ ನನ್ನ ಕುದಿಸಿ ಹಾಕ್ತಾನ."

"ನಾ ಅದೀನಲ್ಲ ಅಕ್ಕಾ," ಅಂದೆ. ಇದು ನನ್ನ ಬಾಯಿಂದ ತಾನಾಗಿಯೇ ಬರುವ ಮಾತು. ಬಂದ ಮೇಲೆ ಯಾತಕ್ಕೆ ಇದ್ದೇನೆ ಎಂಬುದನ್ನು ಹುಡುಕಬೇಕಾಗುತ್ತದೆ.

ಅವತ್ತು ರೇಸಿನ ರಸ್ತೆ ಖಾಲಿ. ರೇಸು ಇದ್ದದ್ದು ಎರಡು ದಿನ ಬಿಟ್ಟು. ಸಾಹೇಬರು ಬೆಳಗಾವಿಗೆ ಹೋಗಿದ್ದರು. ಗೇಟು ಕಾಯುವ ಮಕ್ಬೂಲ ನನ್ನ ಹಳೆಯ ಗೆಳೆಯ, ಮೊದಲು ಕಬ್ಬಿನ ಲಾರಿಯಲ್ಲಿದ್ದವನು. ನಮ್ಮ ರಾಶಿ ಇಲ್ಲೇ ಮಾಡಿಕೊಳ್ಳಲೇನು ಅಂತ ಅವನನ್ನು ಕೇಳಿದೆ. ಅವನು ಗಡ್ಡ ಕೆರೆದುಕೊಂಡು ತೀರ್ಪು ಕೊಟ್ಟ: "ಓಡೂ ರಸ್ತೆ ಮುಟ್ಟಬ್ಯಾಡ ಬಸಣ್ಣ. ಆ ತಪ್ಪಿದವರ ಜಾಗಾ ಐತೆಲ್ಲ, ಅಲ್ಲಿ ಮಾಡ್ಕೋ. ಇವತ್ತ ಯಾರೂ ತಪ್ಪೂರಿಲ್ಲ."

ಎಲ್ಲವೂ ಸರಿಯಾಗಿ ನಡೆಯಿತು. ಟ್ರೇಲರಿನಲ್ಲಿ ಹುರಳಿ ತಂದು ಮೂರನೇ ತಿರುವಿನ ಹೊರಗಿನ ಡಾಂಬರಿಗೆ ಸುರಿದೆವು. ನಾನು ಟ್ರ್ಯಾಕ್ಟರು ಹತ್ತಿ ಅದರ ಮೇಲೆ ಸುತ್ತಿದೆ. ಅಕ್ಕ ಕೋಲಿನಿಂದ ಬಳ್ಳಿ ತಿರುವಿ ಹಾಕುತ್ತ, ನಾನು ಬೇಗ ಹೋದರೆ ಬೈಯುತ್ತ, ನಿಧಾನ ಹೋದರೆ ಇನ್ನೂ ಬೈಯುತ್ತ ನಿಂತಳು. ಮಕ್ಬೂಲನೂ ಗೇಟು ಬಿಟ್ಟು ಬಂದು ಕೋಲು ಹಿಡಿದ. ಸುತ್ತಲೂ ಗುಡ್ಡ, ಮೇಲೆ ಕಪ್ಪು ಮೋಡ, ಕೆಳಗೆ ದೇಶದಲ್ಲೇ ಎಲ್ಲೂ ಇಲ್ಲದಂಥ ಕಣ. ಸಿಪ್ಪೆ ಒಡೆದು ಕಾಳು ಬಿದ್ದಿತು. ಇನ್ನು ತೂರಬೇಕು.

ತೂರಲು ಗಾಳಿ ಬೇಕು. ಮೋಡ ಕಟ್ಟಿದ ದಿನ ಗಾಳಿ ಸತ್ತಿರುತ್ತದೆ. ಧೂಳು ಹಾರಿಸುವ ಫ್ಯಾನಿನ ಮಶೀನು ಅಲ್ಲೇ ಶೆಡ್ಡಿನಲ್ಲಿತ್ತು. ಆದರೆ ಕಂಪನಿಯ ಮಶೀನನ್ನು ಸ್ವಂತ ಕೆಲಸಕ್ಕೆ ಮುಟ್ಟಬಾರದೆಂಬ ನಿಯತ್ತು ನನ್ನದು. ಕಂಪನಿಯ ನೆಲ ಮುಟ್ಟುವಾಗ ಆ ನಿಯತ್ತು ಎಲ್ಲಿತ್ತು ಎಂದು ನೀವು ಕೇಳಬಹುದು. ಕೇಳಬೇಡಿ. ಅಕ್ಕ ಒಂದು ಬಕೆಟ್ಟು ಬೋರಲು ಹಾಕಿ ಅದರ ಮೇಲೆ ನಿಂತು, ಮೊರ ತಲೆಯ ಮೇಲೆತ್ತಿ, ಇಲ್ಲದ ಗಾಳಿಗೆ ಹುರಳಿ ಸುರಿಯತೊಡಗಿದಳು. ಹೊಟ್ಟೂ ಕಾಳೂ ಒಟ್ಟಿಗೇ ಬೀಳುತ್ತಿದ್ದವು.

ಆಗ ಕೆಳಗಿನಿಂದ ಬೈಕಿನ ಸದ್ದು ಬಂತು.

ಆಮೇಲೆ ತಿಳಿದದ್ದು: ಕೊಲ್ಲಾಪುರದಿಂದ ಒಬ್ಬರು ರೇಸಿಗೆ ಬಂದಿದ್ದರು. ಎರಡು ದಿನ ಮುಂಚೆ ಮೆಲ್ಲಗೆ ಒಂದು ಸುತ್ತು ಹಾಕಿ ರಸ್ತೆ ನೋಡಿಕೊಳ್ಳುತ್ತೇನೆ ಅಂದಿದ್ದರಂತೆ. ಸಾಹೇಬರು ಅವರನ್ನು ಕರೆದುಕೊಂಡು ಬೇಗ ಮರಳಿದ್ದರು. ಮಕ್ಬೂಲನಿಗೆ ಫೋನು ಮಾಡಿದರಂತೆ. ಮಕ್ಬೂಲನ ಫೋನು ಗೇಟಿನ ಕುರ್ಚಿಯ ಮೇಲಿತ್ತು, ಮಕ್ಬೂಲ ಹುರಳಿಯಲ್ಲಿದ್ದ.

ಬೈಕು ತಿರುವಿಗೆ ಬಂತು. ಮೈತುಂಬ ಬಿಗಿಯಾದ ಬಟ್ಟೆ, ತಲೆಗೆ ದೊಡ್ಡ ಹೆಲ್ಮೆಟ್ಟು. ಅದರೊಳಗಿನ ಕಣ್ಣು ಏನೇನೋ ತಿರುವು ನೋಡಿರಬೇಕು. ಆದರೆ ತಿರುವಿನಲ್ಲಿ ಬಕೆಟ್ಟಿನ ಮೇಲೆ ನಿಂತು ಮೊರ ಎತ್ತಿದ ಹೆಂಗಸನ್ನು ಎಲ್ಲಿಯೂ ನೋಡಿರಲಿಲ್ಲ. ನೋಡುತ್ತಲೇ ಉಳಿದರು. ಕಣ್ಣು ಹೋದ ಕಡೆಗೆ ಗಾಡಿ ಹೋಗುತ್ತದೆ. ರಸ್ತೆ ಎಡಕ್ಕೆ ತಿರುಗಿತು, ಬೈಕು ತಿರುಗಲಿಲ್ಲ. ಸೀದಾ ಬಂದು ಹುರಳಿಯ ಹೊಟ್ಟಿಗೆ ಹೊಕ್ಕು, ಜಾರಿ, ಸವಾರರನ್ನು ಹೊಟ್ಟಿನ ಗುಡ್ಡೆಯ ಮೇಲೆ ಮಲಗಿಸಿ, ತಾನೊಂದೇ ರಾಶಿಯ ನಡುವೆ ನುಗ್ಗಿ, ಅರ್ಧ ಕಾಳನ್ನು ಎಳೆದುಕೊಂಡು ಹೋಗಿ ಗುಂಡುಕಲ್ಲಿನ ಹೊಂಡದಲ್ಲಿ ಬಿತ್ತು.

ಅಕ್ಕ ಬಕೆಟ್ಟಿನಿಂದ ಹಾರಿ ಓಡಿದಳು. ಬಿದ್ದವರ ಕಡೆಗೆ ಅಂದುಕೊಂಡೆ. ರಾಶಿಯ ಕಡೆಗೆ. ನಡುವೆ ಹೆಲ್ಮೆಟ್ಟು ತೆಗೆದು ಎದ್ದು ಕುಳಿತ ಮುಖ ಕಂಡು ನಿಂತಳು. ಇಪ್ಪತ್ತರ ಆಸುಪಾಸಿನ ಹುಡುಗಿ, ಜಡೆಯ ತುಂಬ ಹುರಳಿ ಸಿಪ್ಪೆ.

"ಅಯ್ಯ ನನ್ನವ್ವ, ಹೆಣ್ಣ ಹುಡುಗಿ," ಅಂದಳು ಅಕ್ಕ. "ಪೆಟ್ಟಾತೇನ?"

ಹುಡುಗಿ ಕೈಕಾಲು ಆಡಿಸಿ ನೋಡಿಕೊಂಡು ಇಲ್ಲ ಅಂತ ತಲೆ ಅಲ್ಲಾಡಿಸಿದಳು.

"ಹಂಗಾರ ಏಳವಾ. ಕಾಳಿನ ಮ್ಯಾಲ ಕುಂತಿ."

ಅಷ್ಟರಲ್ಲಿ ಸಾಹೇಬರ ಜೀಪು ಬಂತು. ಇಳಿದರು. ಹುಡುಗಿಯನ್ನು ನೋಡಿದರು, ಹೊಂಡದಲ್ಲಿ ಮಲಗಿದ ಬೈಕು ನೋಡಿದರು, ಬಕೆಟ್ಟು ನೋಡಿದರು, ಮಕ್ಬೂಲನ ಕೈಯ ಕೋಲು ನೋಡಿದರು. ಕೊನೆಗೆ ನನ್ನನ್ನು. ದೂರ ಗುಡ್ಡದ ಹಿಂದೆ ಒಂದು ಸಲ ಗುಡುಗಿತು. ಇಲ್ಲಿ ಕೆಲಸ ಹೋಗುತ್ತದೆ, ಅಲ್ಲಿ ಹುರಳಿ ಹೋಗುತ್ತದೆ, ಆಮೇಲೆ ಶಾಂತವ್ವನದು, ಮಾವನದು ಎರಡು ಮುಖಗಳಿಗೆ ಉತ್ತರ ಕೊಡಬೇಕು, ಎತ್ತುಗಳನ್ನೂ ಸೇರಿಸಿದರೆ ನಾಲ್ಕಕ್ಕೆ.

"ಯಾರನ್ನ ಕೇಳಿ ಮಾಡಿದ್ರಿ ಕಾಕಾ ಇದನ್ನ?"

ನಾನು ಸುಳ್ಳು ಹುಡುಕಿದೆ. ಅವಸರಕ್ಕೆ ಯಾವುದೂ ಸಿಗಲಿಲ್ಲ.

"ತಪ್ಪಿದವರು ಬಂದು ನಿಲ್ಲೂ ಜಾಗಾ ಅಂತ ನೀವ ಹೇಳಿದ್ರೆಲ್ರಿ ಸಾಹೇಬ್ರ," ಅಂದೆ. "ತಪ್ಪಿ ಬಂದೀವ್ರಿ."

ಹುಡುಗಿ ಜಡೆಯಿಂದ ಸಿಪ್ಪೆ ತೆಗೆಯುತ್ತ ಮುಖ ಆ ಕಡೆ ತಿರುಗಿಸಿದಳು, ಭುಜ ಕುಣಿಯುತ್ತಿತ್ತು. ಒಂದು ಹನಿ ಸಾಹೇಬರ ಕನ್ನಡಕದ ಮೇಲೆ ಬಿತ್ತು. ಅವರಿಗೂ ಅವರ ಚಿಂತೆ ಇತ್ತು: ರಸ್ತೆಯ ಮೇಲೆ ಕಾಳು ಉಳಿದರೆ ರೇಸು ನಡೆಯುವುದಿಲ್ಲ, ಮಳೆ ಬಿದ್ದು ಹೊಟ್ಟು ಅಂಟಿಕೊಂಡರೆ ಕೆರೆದು ತೆಗೆಯಬೇಕು.

"ಬ್ಲೋವರ್ ತನ್ನಿ," ಅಂದರು. "ಮಳೆ ಬರೋದ್ರೊಳಗೆ ಇಲ್ಲಿ ಒಂದು ಕಡ್ಡಿ ಇರಬಾರದು."

ಅಕ್ಕ ನನ್ನ ಅಂಗಿ ಜಗ್ಗಿ ಕೇಳಿದಳು. "ಬ್ಲೋವರ್ ಅಂದ್ರೇನೊ?"

"ಗಾಳಿ, ಅಕ್ಕಾ," ಅಂದೆ. "ಗಾಳಿ ಕೊಟ್ರು."

ಮಶೀನು ತಂದು ಟ್ರ್ಯಾಕ್ಟರಿಗೆ ಕಟ್ಟಿ ಶುರು ಮಾಡಿದೆ. ಸಾಹೇಬರ ಎಣಿಕೆ ಎಲ್ಲವನ್ನೂ ಹಾರಿಸಿ ಬೇಲಿಯಾಚೆ ಕಳಿಸುವುದು. ಅಕ್ಕ ಅದಕ್ಕೆ ಅವಕಾಶ ಕೊಡಲಿಲ್ಲ. ಬಕೆಟ್ಟನ್ನು ಫ್ಯಾನಿನ ಎದುರಿಗಿಟ್ಟು ಹತ್ತಿ ನಿಂತು ಮೊರ ಎತ್ತಿದಳು. ಹೊಟ್ಟು ಮೋಡದ ಹಾಗೆ ಎದ್ದು ಗುಡ್ಡದ ಕಡೆ ಹೋಯಿತು, ಕಾಳು ಅವಳ ಕಾಲಬುಡಕ್ಕೆ ಸುರಿಯಿತು, ಜೋರು ಮಳೆಯ ಸದ್ದಿನ ಹಾಗೆ. ಅಂಥ ತೂರುವಿಕೆಯನ್ನು ನಮ್ಮಪ್ಪ ಕನಸಿನಲ್ಲೂ ಕಂಡಿರಲಿಕ್ಕಿಲ್ಲ. ಅಕ್ಕ ಗಾಳಿ ಕಡಿಮೆ ಮಾಡು ಅಂದಾಗ ಕಡಿಮೆ ಮಾಡಿದೆ, ಹೆಚ್ಚು ಮಾಡು ಅಂದಾಗ ಹೆಚ್ಚು ಮಾಡಿದೆ. ಜನ್ಮದಲ್ಲಿ ಮೊದಲ ಸಲ ಗಾಳಿ ಅವಳ ಮಾತು ಕೇಳಿತ್ತು. ಸಾಹೇಬರು ಚೀಲದ ಬಾಯಿ ಹಿಡಿದರು, ಹಿಡಿಯದೆ ಬೇರೆ ದಾರಿ ಇರಲಿಲ್ಲ, ಅಕ್ಕ ಕೈಗೆ ಕೊಟ್ಟುಬಿಟ್ಟಿದ್ದಳು. ಹುಡುಗಿ ಪೊರಕೆ ಹಿಡಿದಳು. ಮಳೆ ಜೋರಾಗುವ ಹೊತ್ತಿಗೆ ಚೀಲಗಳು ಸಿರಿವಂತರು ಕುಳಿತು ರೇಸು ನೋಡುವ ಮಾಳಿಗೆಯ ಕೆಳಗಿದ್ದವು. ಹೊಂಡಕ್ಕೆ ಬಿದ್ದದ್ದು ಮಾತ್ರ ಕಲ್ಲಿನೊಳಗೇ ಉಳಿಯಿತು.

ನನ್ನನ್ನು ಕೆಲಸದಿಂದ ತೆಗೆಯುವ ಮಾತು ಬಂತು. ಆದರೆ ನಾನು ಹೋದರೆ ನನ್ನ ಟ್ರ್ಯಾಕ್ಟರೂ ಹೋಗುತ್ತದೆ, ರೇಸು ನಾಡಿದ್ದಿಗೆ. ಅದರ ಬದಲು ಸಾಹೇಬರು ಒಂದು ಬೋರ್ಡು ಬರೆಸಿದರು. ಆ ರಸ್ತೆಯಲ್ಲಿರುವ ಬೋರ್ಡುಗಳೆಲ್ಲ ಇಂಗ್ಲಿಷು. ಇದೊಂದೇ ಕನ್ನಡ: 'ಇಲ್ಲಿ ರಾಶಿ ಮಾಡಬಾರದು.' ಗುಂಡಿ ತೋಡಿ ನೆಟ್ಟವನೂ ನಾನೇ. ರೇಸಿಗೆ ಬರುವವರು ಈಗ ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ, ಏನು ಬರೆದಿದೆ ಅಂತ ನನ್ನನ್ನು ಕೇಳುತ್ತಾರೆ. ದಿನಕ್ಕೊಂದು ಅರ್ಥ ಹೇಳುತ್ತೇನೆ.

ಸರ್ಜಾ, ರಾಜಾ ಹೊಟ್ಟೆ ತುಂಬ ಹುರಳಿ ತಿಂದವು. ಶರ್ಯತ್ತಿನಲ್ಲಿ ಬಹಳ ಚೆನ್ನಾಗಿ ಓಡಿದವು, ಎಲ್ಲರಿಗಿಂತ ಮುಂದೆ. ತಿರುವಿನಲ್ಲಿ ಮಾತ್ರ ತಿರುಗದೆ ಸೀದಾ ಯಾರದೋ ಕಬ್ಬಿನ ಹೊಲಕ್ಕೆ ಹೋಗಿ ಮೇಯುತ್ತ ನಿಂತವು. ಮಾವ ಸೋತೆ ಅನ್ನುವುದಿಲ್ಲ. "ಅಲ್ಲಿ ತಪ್ಪಿದವರ ಜಾಗಾ ಬಿಟ್ಟಿದ್ದಿಲ್ಲ," ಅನ್ನುತ್ತಾನೆ.

ಮಳೆಯಾದ ಮೇಲೆ ಮೂರನೇ ತಿರುವಿನ ಹೊಂಡ ಹಸಿರಾಯಿತು. ಆ ದುಬಾರಿ ಗುಂಡುಕಲ್ಲುಗಳ ನಡುವೆ ಹುರಳಿ ಹುಟ್ಟಿ ಬಳ್ಳಿ ಬಿಟ್ಟಿತು. ಹುಲ್ಲು ಕೀಳಿಸಿ ಅಂತ ಸಾಹೇಬರು ಹೇಳಿದರು, ಅಕ್ಕನನ್ನು ಕರೆದು ಕೀಳಿಸಿದೆ. ಟೈರಿನ ಗೋಡೆಯ ಬುಡದ ಕಲ್ಲುಗಳಲ್ಲಿ ಹುಟ್ಟಿದ್ದು ಮಾತ್ರ ಅವಳ ಕಣ್ಣಿಗೆ ಬೀಳಲಿಲ್ಲವಂತೆ. ಕಾಯಾಗಿ ಬಲಿತ ಮೇಲೆ ಕಣ್ಣಿಗೆ ಬಿತ್ತು. ಅದನ್ನು ಬೇರೆಯೇ ಚೀಲದಲ್ಲಿ ಕಟ್ಟಿ, ಇದು ಎತ್ತಿಗಲ್ಲ, ನಿನಗೆ ಅಂತ ಶಾಂತವ್ವನ ಕೈಗೆ ಕೊಟ್ಟಿದ್ದಳು. ಮೊನ್ನೆ ನನ್ನ ಹಲ್ಲು ಮುರಿದದ್ದು ಅದೇ ಹುರಳಿ.

ಕಲ್ಲನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಮರುದಿನ ಕೆಲಸಕ್ಕೆ ಹೋದೆ. ಸಾಹೇಬರಿಗೆ ಆ ಕಲ್ಲುಗಳ ಮೇಲೆ ಬಹಳ ಜೀವ. ಟ್ಯಾಂಕರು ಕಟ್ಟಿ, ನೀರು ಬಿಡುತ್ತ ಸುತ್ತು ಹೊರಟೆ. ಮಾಸ್ತರರ ಲೆಕ್ಕದಲ್ಲಿ ಬೇರೆ ಕೆಲಸವಿಲ್ಲದೆ ಸುತ್ತುತ್ತಿದ್ದ ಆ ಮನುಷ್ಯ ನೆನಪಾದ. ಅವನಿಗೂ ಪಗಾರ ಇತ್ತೋ ಏನೋ, ಕೇಳಲಿಲ್ಲ ನಾನು. ಮೂರನೇ ತಿರುವಿನಲ್ಲಿ ಇಳಿದು ಕಲ್ಲನ್ನು ಅದರ ಮನೆಗೆ ಎಸೆದೆ.

ಬೇಲಿಯ ಆಚೆ ಅಕ್ಕ ನಿಂತಿದ್ದಳು. ಅವಳ ಹಿಂದೆ ಈ ವರ್ಷದ ಹುರಳಿ ಹೂ ಬಿಟ್ಟಿತ್ತು. ಒಮ್ಮೆ ಬೋರ್ಡು ನೋಡಿದಳು, ಒಮ್ಮೆ ಮುಗಿಲು ನೋಡಿದಳು.

"ಬಸ್ಯಾ," ಅಂದಳು, "ಈ ವರ್ಷ ಯಾವತ್ತ ತಪ್ಪೂನು?"